ಕುಲುಮೆ ಆರಿದ ಊರಿನ ಗಂಡಸರು: 'ದ ಫುಲ್ ಮಾಂಟಿ'ಯನ್ನು ಇಂದು ಮತ್ತೆ ನೋಡಬೇಕಾದ ಕಾರಣ

2025ರ ಆಗಸ್ಟ್ 21ರಂದು ಲಂಡನ್ನಿನ ಹೈಕೋರ್ಟು 'ಸ್ಪೆಷಾಲಿಟಿ ಸ್ಟೀಲ್ ಯುಕೆ' ಎಂಬ ಕಂಪನಿಯ ಸಮಾಪನೆಗೆ, ಅಂದರೆ ಕಂಪನಿಯನ್ನು ಮುಚ್ಚಿ ಸಾಲ ತೀರಿಸುವುದಕ್ಕೆ, ಆದೇಶ ನೀಡಿತು. ಬಾಕಿ ವಸೂಲಿಗಾಗಿ ಸಾಲಿಗರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಕಂಪನಿ ಸಂಜೀವ್ ಗುಪ್ತಾ ಅವರ ಲಿಬರ್ಟಿ ಸಮೂಹಕ್ಕೆ ಸೇರಿದ್ದು. ರಾದರ್‌ಹ್ಯಾಮ್, ಸ್ಟಾಕ್ಸ್‌ಬ್ರಿಜ್ ಮೊದಲಾದ ಕಡೆಗಳ ಸುಮಾರು 1,450 ಕಾರ್ಮಿಕರ ಭವಿಷ್ಯ ಅಂದು ಸರ್ಕಾರಿ ಸಮಾಪಕರ ಕೈಗೆ ಹೋಯಿತು. ಅದಕ್ಕೂ ಬಹಳ ಮೊದಲೇ ಅಲ್ಲಿ ಉತ್ಪಾದನೆ ಹೆಚ್ಚುಕಡಿಮೆ ನಿಂತಿತ್ತು. ಇವೇ ಕಾರ್ಖಾನೆಗಳು 2007ರಿಂದ 2017ರವರೆಗೆ ನಮ್ಮ ಟಾಟಾ ಸ್ಟೀಲ್‌ನ ಒಡೆತನದಲ್ಲಿದ್ದವು ಎಂಬುದನ್ನು ಇಲ್ಲಿ ನೆನಪಿಸಬೇಕು.

ರಾದರ್‌ಹ್ಯಾಮ್ ಶೆಫೀಲ್ಡಿಗೆ ಅಂಟಿಕೊಂಡ ಊರು. ಸ್ಟಾಕ್ಸ್‌ಬ್ರಿಜ್ ಶೆಫೀಲ್ಡ್ ನಗರಾಡಳಿತದ ಒಳಗೇ ಬರುತ್ತದೆ. ಆ ಆದೇಶಕ್ಕೆ ಇಪ್ಪತ್ತೆಂಟು ವರ್ಷಗಳ ಹಿಂದೆ, 1997ರ ಆಗಸ್ಟ್ ತಿಂಗಳಲ್ಲೇ, ಇದೇ ಶೆಫೀಲ್ಡಿನ ಕೆಲಸ ಕಳೆದುಕೊಂಡ ಉಕ್ಕಿನ ಕಾರ್ಮಿಕರ ಕಥೆಯೊಂದು ಬ್ರಿಟನ್ನಿನ ಚಿತ್ರಮಂದಿರಗಳಿಗೆ ಬಂದಿತ್ತು. ಪೀಟರ್ ಕಟಾನಿಯೊ ನಿರ್ದೇಶಿಸಿ, ಸೈಮನ್ ಬೋಫಾಯ್ ಬರೆದ 'ದ ಫುಲ್ ಮಾಂಟಿ' ಅದು. ಸುಮಾರು 35 ಲಕ್ಷ ಡಾಲರ್‌ನಲ್ಲಿ ತಯಾರಾಗಿ 25 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ನಾಲ್ಕು ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡು, ಆನ್ ಡಡ್ಲಿ ಅವರ ಸಂಗೀತಕ್ಕೆ ಪ್ರಶಸ್ತಿ ಪಡೆಯಿತು. 'ಟೈಟಾನಿಕ್' ಕಣದಲ್ಲಿದ್ದ ವರ್ಷವೇ ಅತ್ಯುತ್ತಮ ಚಿತ್ರಕ್ಕಾಗಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಇದರ ಪಾಲಾಯಿತು.

ಬಹಳ ಜನ ಈ ಚಿತ್ರವನ್ನು ನೆನೆಯುವುದು ಒಂದೇ ಕಾರಣಕ್ಕೆ: ಆರು ಮಂದಿ ಸಾಧಾರಣ ಗಂಡಸರು ವೇದಿಕೆಯ ಮೇಲೆ ಬಟ್ಟೆ ಬಿಚ್ಚಿ ಕುಣಿಯುತ್ತಾರೆ. ಅದೊಂದು ತಮಾಷೆಯ ಚಿತ್ರವೆಂಬ ಹೆಸರೂ ಉಳಿದುಬಿಟ್ಟಿದೆ. ಆ ಹೆಸರು ಚಿತ್ರಕ್ಕೆ ಮಾಡಿದ ಅನ್ಯಾಯ ಎಂದೇ ನನ್ನ ಭಾವನೆ. ಕಾರ್ಖಾನೆ ಮುಚ್ಚಿದಾಗ ಸರ್ಕಾರಗಳು ಸಂಬಳ ಎಷ್ಟು ಹೋಯಿತು, ಪರಿಹಾರ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕುತ್ತವೆ. ದುಡಿಯುತ್ತಿದ್ದ ಗಂಡಸಿಗೆ ಹೆಂಡತಿಯ ಎದುರು, ಮಗನ ಎದುರು, ನೆರೆಹೊರೆಯವರ ಎದುರು ತಲೆ ಎತ್ತಿ ನಿಲ್ಲಲು ಇದ್ದ ಜಾಗವೂ ಅದೇ ದಿನ ಹೋಗುತ್ತದೆ. ಆ ಲೆಕ್ಕವನ್ನು ಯಾವ ಇಲಾಖೆಯೂ ಇಟ್ಟಿಲ್ಲ. ಈ ಚಿತ್ರ ಇಟ್ಟಿದೆ.

ಚಿತ್ರ ತೆರೆದುಕೊಳ್ಳುವುದು 1970ರ ದಶಕದ ಆರಂಭದ ಒಂದು ನಿಜವಾದ ಪ್ರಚಾರಚಿತ್ರದ ತುಣುಕುಗಳಿಂದ. ಉಕ್ಕಿನ ಬಲದಿಂದ ಮುನ್ನುಗ್ಗುತ್ತಿರುವ ಶೆಫೀಲ್ಡ್ ನಗರವನ್ನು ಅದರ ನಿರೂಪಕ ಬಾಯಿತುಂಬ ಹೊಗಳುತ್ತಾನೆ. ಬಳಿಕ ಪರದೆಯ ಮೇಲೆ ಇಪ್ಪತ್ತೈದು ವರ್ಷ ದಾಟಿಬಿಡುತ್ತದೆ. ಅದೇ ಊರಿನ ಖಾಲಿ ಕಾರ್ಖಾನೆಯೊಳಗೆ ಗ್ಯಾಜ್ ಮತ್ತು ಡೇವ್ ಎಂಬ ಇಬ್ಬರು ಗೆಳೆಯರು, ಗ್ಯಾಜ್‌ನ ಪುಟ್ಟ ಮಗ ನೇಥನ್‌ನೊಡನೆ, ಗುಜರಿಗೆ ಮಾರಲು ಒಂದು ಉಕ್ಕಿನ ತೊಲೆಯನ್ನು ಕದಿಯಲು ಹೆಣಗುತ್ತಿದ್ದಾರೆ. ವರ್ಷಗಟ್ಟಲೆ ಬೆವರು ಸುರಿಸಿದ ಜಾಗಕ್ಕೆ ಈಗ ಕಳ್ಳರಂತೆ ನುಗ್ಗಬೇಕಾಗಿದೆ, ಅದೂ ಮಗನ ಕಣ್ಣೆದುರಿಗೆ.

ಆ ಇಪ್ಪತ್ತೈದು ವರ್ಷಗಳಲ್ಲಿ ನಡೆದದ್ದನ್ನು ಚಿತ್ರ ವಿವರಿಸುವುದಿಲ್ಲ. ಅಲ್ಲಿನ ಪ್ರೇಕ್ಷಕರಿಗೆ ವಿವರಿಸುವ ಅಗತ್ಯವೂ ಇರಲಿಲ್ಲ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ರೂಢಿಸಿದ್ದು ಶೆಫೀಲ್ಡಿನಲ್ಲಿ. 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡದ್ದೂ ಅಲ್ಲೇ. ಎಪ್ಪತ್ತರ ದಶಕದಲ್ಲಿ ತೈಲ ಬಿಕ್ಕಟ್ಟು ಬಂತು, ಜಗತ್ತಿನಲ್ಲಿ ಉಕ್ಕು ಬೇಡಿಕೆಗಿಂತ ಹೆಚ್ಚಾಯಿತು. 1980ರ ಆರಂಭದಲ್ಲಿ ಉಕ್ಕಿನ ಕಾರ್ಮಿಕರು ಮೂರು ತಿಂಗಳ ಮುಷ್ಕರ ಹೂಡಿದರು. ಮುಷ್ಕರ ಮುಗಿದ ಮೇಲೆ ಕತ್ತರಿ ಆಡಿತು: ಸರ್ಕಾರಿ ಸ್ವಾಮ್ಯದ ಬ್ರಿಟಿಷ್ ಸ್ಟೀಲ್ ಸಂಸ್ಥೆಯಲ್ಲಿ 1980ರಲ್ಲಿ ಸುಮಾರು 1,66,000 ಇದ್ದ ಕೆಲಸಗಾರರು ಇಯಾನ್ ಮ್ಯಾಕ್‌ಗ್ರೆಗರ್ ಅಧ್ಯಕ್ಷತೆಯ ಮೂರು ವರ್ಷಗಳಲ್ಲಿ 71,000ಕ್ಕೆ ಇಳಿದರು. ಶೆಫೀಲ್ಡಿನ ಹಳೆಯ ಖಾಸಗಿ ಕಾರ್ಖಾನೆಗಳೂ ಒಂದೊಂದಾಗಿ ನೆಲಕಚ್ಚಿದವು. ಹ್ಯಾಡ್‌ಫೀಲ್ಡ್ಸ್ ಕಾರ್ಖಾನೆ ಇದ್ದ ನೆಲದಲ್ಲಿ 1990ರಲ್ಲಿ ಮೆಡೋಹಾಲ್ ಎಂಬ ಬೃಹತ್ ಮಾಲ್ ಎದ್ದು ನಿಂತಿತು. ಊರಿಗೆ ಉದ್ಯೋಗ ಬರಲಿಲ್ಲ ಎಂದು ಹೇಳುವಂತಿಲ್ಲ. ಬಂದ ಉದ್ಯೋಗ ಬೇರೆ ಬಗೆಯದು, ಬೇರೆ ಕೈಗಳಿಗೆ ಬೇಕಾದದ್ದು, ಬಹುಪಾಲು ಕಡಿಮೆ ಸಂಬಳದ್ದು.

ಗ್ಯಾಜ್‌ನ ಮಾಜಿ ಪತ್ನಿ ಮ್ಯಾಂಡಿ ಈಗ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಮಗನ ಜೀವನಾಂಶದ ಬಾಕಿ 700 ಪೌಂಡ್ ತೀರಿಸದಿದ್ದರೆ ನೇಥನ್‌ನನ್ನು ನೋಡುವ ಹಕ್ಕೇ ಹೋಗುವ ಸ್ಥಿತಿಯಲ್ಲಿರುವ ಗ್ಯಾಜ್‌ಗೆ ಅವಳು ಕೆಲಸ ಕೊಡುತ್ತೇನೆ ಎನ್ನುತ್ತಾಳೆ: ಗಂಟೆಗೆ ಎರಡೂವರೆ ಪೌಂಡ್. ಅವನು ಒಲ್ಲೆ ಎನ್ನುತ್ತಾನೆ. ಮೇಲುನೋಟಕ್ಕೆ ಅದು ಸೋಮಾರಿಯ ಜಂಬ. ಆದರೆ ಹಿನ್ನೆಲೆ ಗೊತ್ತಿದ್ದವರಿಗೆ ಬೇರೆಯದೇ ಕಾಣುತ್ತದೆ. ಕಡಿಮೆ ಸಂಬಳದ ವಲಯಗಳಲ್ಲಿ ಕನಿಷ್ಠ ದರ ನಿಗದಿ ಮಾಡುತ್ತಿದ್ದ ವೇತನ ಮಂಡಳಿಗಳನ್ನು ಬ್ರಿಟನ್ 1993ರಲ್ಲಿ ರದ್ದು ಮಾಡಿತ್ತು. ರಾಷ್ಟ್ರೀಯ ಕನಿಷ್ಠ ವೇತನ ಜಾರಿಗೆ ಬಂದದ್ದು 1999ರ ಏಪ್ರಿಲ್‌ನಲ್ಲಿ, ಗಂಟೆಗೆ 3.60 ಪೌಂಡ್. ನಡುವಿನ ಆ ಆರು ವರ್ಷಗಳಲ್ಲಿ ಎರಡೂವರೆ ಪೌಂಡ್ ಕೂಲಿಯನ್ನು ತಡೆಯುವ ಕಾನೂನು ಇರಲಿಲ್ಲ. ಚಿತ್ರದ ಕಥೆ ನಡೆಯುವುದು ಸರಿಯಾಗಿ ಆ ಸಂದಿನಲ್ಲಿ. ಮಗನನ್ನು ಉಳಿಸಿಕೊಳ್ಳಲು ಬೇಕಾದ 700 ಪೌಂಡನ್ನು ಆ ಕೂಲಿಯಲ್ಲಿ ಗಳಿಸಲು 280 ಗಂಟೆ ದುಡಿಯಬೇಕು, ಅದೂ ಹೊಟ್ಟೆಗೆ ಒಂದು ಕಾಸೂ ಖರ್ಚು ಮಾಡದೆ.

ಚಿತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಒಂದು ಚಿಕ್ಕ ಸನ್ನಿವೇಶ. ಹಣ ಗಳಿಸಲು ವೇದಿಕೆ ಏರಲು ಹೊರಟು, ಕುಣಿತ ಕಲಿಯಲೆಂದು ಗಂಡಸರು ಒಂದು ನೃತ್ಯದ ಸಿನಿಮಾದ ವಿಡಿಯೊ ಹಾಕಿಕೊಂಡು ಕೂರುತ್ತಾರೆ. ಅದರ ನಾಯಕಿ ಹಗಲು ಬೆಸುಗೆ ಕೆಲಸ ಮಾಡುವವಳು. ಪರದೆಯ ಮೇಲೆ ಕಿಡಿ ಹಾರುತ್ತಿದ್ದಂತೆ ಡೇವ್‌ನ ಕಣ್ಣು ನೃತ್ಯವನ್ನು ಬಿಟ್ಟು ಬೆಸುಗೆಯ ಮೇಲೆ ನೆಡುತ್ತದೆ. ಅನಿಲದ ಮಿಶ್ರಣ ಸರಿಯಿಲ್ಲ, ಬೆಸುಗೆ ಕೆಟ್ಟದಾಗಿದೆ ಎಂದು ಅವನು ಗೊಣಗುತ್ತಾನೆ. ಇಷ್ಟೇ. ಪ್ರೇಕ್ಷಕರು ನಗುತ್ತಾರೆ. ಆದರೆ ಆ ಒಂದು ಗೊಣಗಾಟದಲ್ಲಿ ಹತ್ತಾರು ವರ್ಷ ಕೈಯಲ್ಲಿ ಪಳಗಿದ ವಿದ್ಯೆ ಇದೆ. ಅದನ್ನು ಕೇಳುವವರು, ಕೊಳ್ಳುವವರು ಊರಿನಲ್ಲಿ ಯಾರೂ ಇಲ್ಲ. ಹೆಂಗಸಿಗಿಂತ ತನಗೇ ಚೆನ್ನಾಗಿ ಗೊತ್ತು ಎಂಬ ಬಡಾಯಿಯೂ ಅದೇ ಉಸಿರಿನಲ್ಲಿ ಬರುತ್ತದೆ. ಚಿತ್ರ ಅದನ್ನೂ ಮುಚ್ಚಿಡುವುದಿಲ್ಲ. ಈ ಗಂಡಸರನ್ನು ಪ್ರೀತಿಸುತ್ತಲೇ ಅವರ ಕೊಂಕನ್ನು ಕಂಡಂತೆ ತೋರಿಸುವ ಪ್ರಾಮಾಣಿಕತೆ ಅದಕ್ಕಿದೆ.

ಜೆರಾಲ್ಡ್‌ನ ಕಥೆ ಇನ್ನೊಂದು ಬಗೆಯದು. ಟಾಮ್ ವಿಲ್ಕಿನ್‌ಸನ್ ಅಭಿನಯಿಸಿದ ಈ ಮನುಷ್ಯ ಕಾರ್ಖಾನೆಯಲ್ಲಿ ಉಳಿದವರ ಮೇಲೆ ಮೇಸ್ತ್ರಿಯಾಗಿದ್ದವನು. ಕೆಲಸ ಹೋಗಿ ಆರು ತಿಂಗಳಾಗಿದೆ, ಹೆಂಡತಿಗೆ ಹೇಳಿಲ್ಲ. ದಿನಾ ಕೋಟು ತೊಟ್ಟು ಮನೆಯಿಂದ ಹೊರಡುತ್ತಾನೆ. ಅವಳು ಎಂದಿನಂತೆ ಖರ್ಚು ಮಾಡುತ್ತಿದ್ದಾಳೆ, ಸಾಲ ಬೆಳೆಯುತ್ತಿದೆ. ಕೊನೆಗೆ ಜಪ್ತಿಯವರು ಮನೆಯ ಸಾಮಾನು ಎತ್ತಿಕೊಂಡು ಹೋಗಲು ಬಂದಾಗ ಗುಟ್ಟು ರಟ್ಟಾಗುತ್ತದೆ. ಅವಳಿಗೆ ಸಾಮಾನು ಹೋದುದರ ನೋವಿಗಿಂತ ಆರು ತಿಂಗಳು ತನ್ನಿಂದ ಮುಚ್ಚಿಟ್ಟದ್ದರ ನೋವೇ ದೊಡ್ಡದು. ಕೆಳಗಿನ ಕೆಲಸಗಾರನಿಗಿಂತ ಒಂದು ಮೆಟ್ಟಿಲು ಮೇಲಿದ್ದವನ ಅವಮಾನ ಒಂದು ಹಿಡಿ ಹೆಚ್ಚು ಎಂಬುದನ್ನು ವಿಲ್ಕಿನ್‌ಸನ್ ಮುಖದ ಸ್ನಾಯುಗಳಲ್ಲೇ ತೋರಿಸಿಬಿಟ್ಟರು. ಪೋಷಕ ನಟನೆಗೆ ಅವರಿಗೆ ಬಾಫ್ಟಾ ದೊರೆಯಿತು. 2023ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಕಾರ್ಖಾನೆಯ ಕಾವಲುಗಾರ ಲಾಂಪರ್ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಒಂಟಿ ಜೀವ. ಕಾರಿನೊಳಗೆ ಹೊಗೆ ತುಂಬಿಕೊಂಡು ಸಾಯಲು ಹೊರಟವನನ್ನು ಡೇವ್ ಹೊರಗೆಳೆಯುತ್ತಾನೆ. ಹಾಸ್ಯಚಿತ್ರವೆಂದು ಹೆಸರಾದ ಚಿತ್ರದಲ್ಲಿ ಮೂವರು ಗಂಡಸರು ಗೆಳೆಯರಾಗುವುದು ಒಂದು ಆತ್ಮಹತ್ಯೆಯ ಯತ್ನದ ಸುತ್ತ. ಹಾಗೆಂದು ಚಿತ್ರ ಕಣ್ಣೀರಿಗೆ ಕೈಚಾಚುವುದಿಲ್ಲ. ಗುಡ್ಡದ ಮೇಲೆ ಕುಳಿತು, ಸಾಯಲು ಬೇರೆ ಯಾವ ದಾರಿಗಳಿವೆ ಎಂದು ಆ ಮೂವರು ಒರಟು ಹಾಸ್ಯ ಮಾಡುತ್ತಾ ಹತ್ತಿರವಾಗುತ್ತಾರೆ. ದುಃಖವನ್ನು ನೇರವಾಗಿ ಆಡಿ ಅಭ್ಯಾಸವಿಲ್ಲದವರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕುವ ಬಗೆ ಅದು.

ಕುಣಿತದ ಸಾಲು ಎಷ್ಟು ಹೇಳಿಕೊಟ್ಟರೂ ಕೂಡಿಬರುವುದಿಲ್ಲ. ಆಗ ಒಬ್ಬನಿಗೆ ಹೊಳೆಯುತ್ತದೆ: ಆರ್ಸೆನಲ್ ಫುಟ್‌ಬಾಲ್ ತಂಡದ ರಕ್ಷಣಾ ಆಟಗಾರರು ಎದುರಾಳಿಯನ್ನು ಆಫ್‌ಸೈಡ್‌ನಲ್ಲಿ ಸಿಲುಕಿಸಲು ಎಲ್ಲರೂ ಒಟ್ಟಿಗೆ ಮುಂದೆ ಬಂದು ಕೈ ಎತ್ತುತ್ತಾರಲ್ಲ, ಇದೂ ಅದೇ. ಮರುಕ್ಷಣವೇ ಸಾಲು ಸರಿಯಾಗುತ್ತದೆ. ಇದು ನಗೆಯ ಸನ್ನಿವೇಶವೇ ಹೌದು, ಆದರೆ ವಯಸ್ಕರಿಗೆ ಹೊಸ ಕೆಲಸ ಕಲಿಸುವುದು ಹೇಗೆಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ದೃಶ್ಯವನ್ನು ನಾನು ಕಂಡಿಲ್ಲ. ಗೊತ್ತಿರುವುದರ ಮೂಲಕ, ಜೊತೆಗಾರರ ನಡುವೆ ಕಲಿತಾಗ ಮೈ ಬಗ್ಗುತ್ತದೆ. ಸರ್ಕಾರ ಅವರಿಗಾಗಿ ನಡೆಸುವ ಉದ್ಯೋಗಕೂಟದಲ್ಲಿ ಅವರು ಮಾಡುವುದು ಇಸ್ಪೀಟು ಆಡುವುದೊಂದೇ. ತಮ್ಮದೇ ಯೋಜನೆ ಎಂದಾದಾಗ ಅವರೇ ಹೊತ್ತು ಹೊತ್ತಿಗೆ ಬಂದು ಬೆವರು ಸುರಿಸುತ್ತಾರೆ. ನಿರುದ್ಯೋಗ ಭತ್ಯೆಗಾಗಿ ಸಾಲಿನಲ್ಲಿ ನಿಂತಿರುವಾಗ ರೇಡಿಯೊದಲ್ಲಿ ಡೊನ್ನಾ ಸಮ್ಮರ್ ಹಾಡು ಬಂದದ್ದೇ ತಡ, ಒಬ್ಬೊಬ್ಬರ ಹೆಗಲು, ಸೊಂಟ, ಕಾಲು ತಾವಾಗಿಯೇ ಅಲುಗಾಡತೊಡಗುವ ಆ ಪ್ರಸಿದ್ಧ ದೃಶ್ಯವೂ ಇದರ ಮುಂದುವರಿಕೆ.

ಬೆತ್ತಲಾಗುವ ವಿಚಾರವನ್ನು ಚಿತ್ರ ಬಹಳ ಎಚ್ಚರದಿಂದ ಬಳಸಿಕೊಂಡಿದೆ. ಊರಿನ ಕಾರ್ಮಿಕರ ಕ್ಲಬ್ಬಿಗೆ ವೃತ್ತಿಪರ ನರ್ತಕರ ತಂಡ ಬಂದು ಹೆಂಗಸರು ಹಣ ಕೊಟ್ಟು ಕಿಕ್ಕಿರಿದು ಸೇರಿದ್ದನ್ನು ನೋಡಿಯೇ ಗ್ಯಾಜ್‌ಗೆ ಈ ಉಪಾಯ ಹೊಳೆದದ್ದು. ಗಂಡಸರಿಗೆಂದೇ ಇದ್ದ ಕ್ಲಬ್ಬಿನಲ್ಲಿ ಅಂದು ಗಂಡಸರಿಗೆ ಪ್ರವೇಶವಿಲ್ಲ. ಹೆಂಗಸರನ್ನು ನೋಡಿ ಬೆಲೆ ಕಟ್ಟಿ ಅಭ್ಯಾಸವಿದ್ದವರು ಈಗ ತಮ್ಮ ಮೈಯನ್ನೇ ಬೆಲೆ ಕಟ್ಟಲು ಒಡ್ಡಬೇಕು. ತಾನು ದಪ್ಪಗಿದ್ದೇನೆ ಎಂದು ಕುಗ್ಗಿಹೋದ ಡೇವ್, ಹಿತ್ತಲಿನ ಗುಡಿಸಲಿನಲ್ಲಿ ಹೊಟ್ಟೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಅದೇ ಹೊತ್ತಿನಲ್ಲಿ ಚಾಕೊಲೇಟ್ ತಿನ್ನುತ್ತಾ ಕೂರುತ್ತಾನೆ. ಈ ಮೈ ಕುಣಿಯುವುದನ್ನು ಯಾರು ನೋಡಬಯಸುತ್ತಾರೆ ಎಂದು ಕೇಳಿದಾಗ ಹೆಂಡತಿ ಜೀನ್ ಕೊಡುವ ಉತ್ತರ: ನಾನು. ಮಾರ್ಕ್ ಆಡಿ ಮತ್ತು ಲೆಸ್ಲಿ ಶಾರ್ಪ್ ಅವರ ಆ ಕ್ಷಣ ಇಡೀ ಚಿತ್ರದ ತಿರುಳು.

ಹೆಣ್ಣುಮಕ್ಕಳ ಪಾತ್ರಗಳಿಗೆ ಜಾಗ ಸಾಲದು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಮನೆಯನ್ನು ನಿಜವಾಗಿ ನಡೆಸುತ್ತಿರುವವರು ಜೀನ್, ಮ್ಯಾಂಡಿಯಂಥವರು. ಅವರ ಪಾಳಿ ಮುಗಿದ ಮೇಲಿನ ದಣಿವನ್ನು ಚಿತ್ರ ತೋರಿಸುವುದೇ ಇಲ್ಲ. ಇದು ದೊಡ್ಡ ಕೊರತೆ.

ಚಿತ್ರದ ಯಶಸ್ಸನ್ನು ಆಮೇಲೆ ಬಳಸಿಕೊಂಡ ಬಗೆ ನನಗೆ ಇನ್ನೂ ಬೇಸರ ತರಿಸುತ್ತದೆ. ಹೊಸ ಸರ್ಕಾರ ಬಂದು ಬ್ರಿಟನ್ ಉಲ್ಲಾಸದಲ್ಲಿದ್ದ ಕಾಲ ಅದು. 1998ರಲ್ಲಿ ಶೆಫೀಲ್ಡಿಗೆ ಬಂದ ಅಂದಿನ ಯುವರಾಜ ಚಾರ್ಲ್ಸ್, ಭತ್ಯೆ ಸಾಲಿನ ಕುಣಿತವನ್ನು ಕ್ಯಾಮೆರಾಗಳ ಎದುರು ತಾವೂ ಕುಣಿದರು. ಪತ್ರಿಕೆಗಳು ಮೆಚ್ಚಿಕೊಂಡವು. ನಿರುದ್ಯೋಗಿಗಳ ಸಾಲು ಮದುವೆ ಮನೆ, ಔತಣಕೂಟಗಳ ವಿನೋದವಾಗಿಬಿಟ್ಟಿತು. ಆದರೆ ಚಿತ್ರದ ಕೊನೆಯನ್ನು ಗಮನಿಸಬೇಕು. ಮೈಮೇಲೆ ಕೊನೆಗೆ ಉಳಿದ ಟೋಪಿಗಳೂ ಹಾರಿದೊಡನೆ, ಅವರನ್ನು ಹಿಂಬದಿಯಿಂದ ತೋರಿಸಿ ಚಿತ್ರ ನಿಂತುಬಿಡುತ್ತದೆ. ಒಂದೇ ರಾತ್ರಿಯ ಪ್ರದರ್ಶನ. ಜೆರಾಲ್ಡ್ ಒಬ್ಬನಿಗೆ ಕೆಲಸ ಸಿಕ್ಕಿದೆ. ಮಿಕ್ಕವರು ಮರುದಿನ ಬೆಳಿಗ್ಗೆ ಏನು ಮಾಡಿದರು ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ, ಏಕೆಂದರೆ ಅಂದು ಊರಿನಲ್ಲೂ ಇರಲಿಲ್ಲ.

ಉತ್ತರ 2023ರಲ್ಲಿ ಬಂದಿತು. ಅದೇ ನಟರೊಡನೆ ಎಂಟು ಕಂತುಗಳ ಸರಣಿ ಡಿಸ್ನಿ ಪ್ಲಸ್‌ನಲ್ಲಿ ಬಿಡುಗಡೆಯಾಯಿತು. ಗ್ಯಾಜ್ ಆಸ್ಪತ್ರೆಯಲ್ಲಿ ರೋಗಿಗಳನ್ನು ತಳ್ಳುಗಾಡಿಯಲ್ಲಿ ಸಾಗಿಸುವ ಸಹಾಯಕ. ಡೇವ್ ತನ್ನ ಹೆಂಡತಿ ಮುಖ್ಯೋಪಾಧ್ಯಾಯಿನಿಯಾಗಿರುವ ಶಾಲೆಯಲ್ಲೇ ಉಸ್ತುವಾರಿ ಕೆಲಸದವನು. ಆ ಆರು ಮಂದಿಯಲ್ಲಿ ಒಬ್ಬನಾದ, ಈಗ ವಯಸ್ಸಾದ ಹಾರ್ಸ್ ಅಂಗವೈಕಲ್ಯದ ಭತ್ಯೆಗಾಗಿ ಸರ್ಕಾರಿ ನಮೂನೆಗಳೊಡನೆ, ಫೋನ್ ಸರದಿಗಳೊಡನೆ ಸೆಣಸುತ್ತಾನೆ. ಸರಣಿ ಮೂಲಚಿತ್ರದಷ್ಟು ಬಿಗಿಯಾಗಿಲ್ಲ. ಆದರೂ ಅದರ ಉದ್ಯೋಗಗಳ ಪಟ್ಟಿಯನ್ನು ನಂಬಬಹುದು. ಕೈಗಾರಿಕೆ ಹೋದ ಊರುಗಳಲ್ಲಿ ಆ ತಲೆಮಾರಿಗೆ ಉಳಿದದ್ದು ಆಸ್ಪತ್ರೆ, ಶಾಲೆ, ಗೋದಾಮು ಮತ್ತು ಭತ್ಯೆ.

ಇದೆಲ್ಲ ಈಗ ಮತ್ತೆ ನಡೆಯುತ್ತಿದೆ, ಈ ಬಾರಿ ಹವಾಮಾನದ ಕಾರಣವೂ ಸೇರಿದೆ. ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಸ್ಟೀಲ್ ತನ್ನ ಕೊನೆಯ ಊದುಕುಲುಮೆಯನ್ನು (ಅದಿರಿನಿಂದ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸ್) 2024ರ ಸೆಪ್ಟೆಂಬರ್ 30ರಂದು ನಂದಿಸಿತು. ಅದರ ಜಾಗದಲ್ಲಿ ಗುಜರಿ ಉಕ್ಕನ್ನು ವಿದ್ಯುತ್ತಿನಿಂದ ಕರಗಿಸುವ ಕುಲುಮೆ ಬರಲಿದೆ. 125 ಕೋಟಿ ಪೌಂಡ್ ವೆಚ್ಚದಲ್ಲಿ 50 ಕೋಟಿ ಬ್ರಿಟಿಷ್ ಸರ್ಕಾರದ್ದು. ಹೊಗೆ ಬಹಳ ಕಡಿಮೆಯಾಗುತ್ತದೆ, ಅದು ಬೇಕಾದದ್ದೇ. ಆದರೆ ವಿದ್ಯುತ್ ಕುಲುಮೆಗೆ ಕಲ್ಲಿದ್ದಲಿನಿಂದ ಮಾಡುವ ಕೋಕ್ ಇಂಧನ ಬೇಡ, ಅದಿರು ಹದಮಾಡುವ ಘಟಕ ಬೇಡ, ಹಾಗಾಗಿ ಅಷ್ಟು ಕೈಗಳೂ ಬೇಡ. ಸುಮಾರು ಎರಡು ಸಾವಿರ ಉದ್ಯೋಗಗಳು ಆ ಒಂದೇ ಊರಿನಿಂದ ಹೋದವು. ಹಳೆಯ ಕುಲುಮೆ ಆರಿದ್ದಕ್ಕೂ ಹೊಸದು ಹೊತ್ತಿಕೊಳ್ಳುವುದಕ್ಕೂ ನಡುವೆ ಮೂರು ವರ್ಷಗಳಿಗೂ ಹೆಚ್ಚಿನ ಅಂತರವಿದೆ. ತರಬೇತಿಗೆ, ಸಣ್ಣ ಉದ್ಯಮಗಳಿಗೆ 10 ಕೋಟಿ ಪೌಂಡಿನ ನಿಧಿ ಇಟ್ಟಿದ್ದಾರೆ. ಎಂಬತ್ತರ ದಶಕಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು.

ಇಂಗ್ಲೆಂಡಿನ ಸ್ಕಂತೋರ್ಪ್‌ನಲ್ಲಿ ಬೇರೆಯೇ ನಡೆಯಿತು. ಈಗ ಚೀನಾದ ಜಿಂಗ್ಯೆ ಕಂಪನಿಯ ಒಡೆತನದ ಬ್ರಿಟಿಷ್ ಸ್ಟೀಲ್ ತನ್ನ ಎರಡು ಊದುಕುಲುಮೆಗಳನ್ನು ನಂದಿಸಲು ಹೊರಟಾಗ, 2025ರ ಏಪ್ರಿಲ್ 12ರ ಶನಿವಾರ, ರಜೆಯಲ್ಲಿದ್ದ ಸಂಸತ್ತನ್ನು ಕರೆಸಿ ಒಂದೇ ದಿನದಲ್ಲಿ ಕಾನೂನು ಮಾಡಿ ಸರ್ಕಾರ ಕಾರ್ಖಾನೆಯ ಹಿಡಿತ ಪಡೆಯಿತು. ಅದಿರಿನಿಂದ ಉಕ್ಕು ಮಾಡುವ ಸಾಮರ್ಥ್ಯ ದೇಶದಲ್ಲಿ ಅಲ್ಲೊಂದೇ ಉಳಿದಿತ್ತು, ರಕ್ಷಣಾ ದೃಷ್ಟಿಯಿಂದ ಬಿಡುವಂತಿರಲಿಲ್ಲ. ಎಂಬತ್ತರ ದಶಕದಲ್ಲಿ ಶೆಫೀಲ್ಡಿನವರಿಗೆ ಮಾರುಕಟ್ಟೆಯ ನಿಯಮವನ್ನು ಮೀರಲು ಸಾಧ್ಯವಿಲ್ಲ ಎಂದು ಹೇಳಲಾಗಿತ್ತು. ಮೀರಬಹುದು ಎಂದು ಆ ಶನಿವಾರ ಸಾಬೀತಾಯಿತು. ಆದರೆ ಆ ದಿನ ಉಳಿದದ್ದು ಕುಲುಮೆ. ಕುಲುಮೆ ದೇಶಕ್ಕೆ ಬೇಕಾದದ್ದರಿಂದ ಕಾರ್ಮಿಕರೂ ಉಳಿದರು. ಕಾರ್ಮಿಕರು ಬೇಕೆಂದು ಕುಲುಮೆ ಉಳಿದ ಉದಾಹರಣೆಯನ್ನು ನಾನು ಇನ್ನೂ ಕಂಡಿಲ್ಲ.

ಕನ್ನಡದ ಓದುಗರಿಗೆ ಇದು ದೂರದ ಸಂಗತಿಯಲ್ಲ. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ಕಾವಲಿಗೆ, ಅಂಗಡಿ ಕೆಲಸಕ್ಕೆ ಬಂದು ರಾತ್ರಿ ಮರಳುವ ಬದುಕಿಗೆ ಒಗ್ಗಿಕೊಂಡರು. ಉಕ್ಕಿನ ಮಾತಾದರೆ ಭದ್ರಾವತಿಯೇ ಇದೆ. 1923ರಲ್ಲಿ ಉತ್ಪಾದನೆ ಆರಂಭಿಸಿ, ಸರ್ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ನೆಲೆ ಕಂಡು, ಮುಂದೆ ಅವರದೇ ಹೆಸರು ಪಡೆದ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರದ ಭಾರತೀಯ ಉಕ್ಕು ಪ್ರಾಧಿಕಾರ (ಸೇಲ್) 2023ರ ಜನವರಿಯಲ್ಲಿ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಕೆಲವು ಘಟಕಗಳಲ್ಲಿ ಆಮೇಲೆ ಕೆಲಸ ಶುರುವಾಯಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಪುನಶ್ಚೇತನದ ಭರವಸೆ ನೀಡಿದ್ದಾರೆ.

ಅಲ್ಲಿಗೂ ಇಲ್ಲಿಗೂ ಒಂದು ಕಟುವಾದ ವ್ಯತ್ಯಾಸವಿದೆ. ಗ್ಯಾಜ್‌ಗೆ ಅವಮಾನವೆನಿಸಿದ್ದ ಭತ್ಯೆಯ ಸಾಲು ಭದ್ರಾವತಿಯ ಗುತ್ತಿಗೆ ಕಾರ್ಮಿಕನಿಗೆ ಇಲ್ಲವೇ ಇಲ್ಲ ಎನ್ನಬೇಕು. ಇಎಸ್‌ಐ ವಿಮೆಯುಳ್ಳವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯಡಿ ಸರಾಸರಿ ಸಂಬಳದ ಅರ್ಧದಷ್ಟು ಹಣ ಗರಿಷ್ಠ 90 ದಿನ ಸಿಗುತ್ತದೆ, ಅದೂ ಜೀವಮಾನದಲ್ಲಿ ಒಮ್ಮೆ. ತೊಂಬತ್ತೊಂದನೆಯ ದಿನದಿಂದ ಅವನನ್ನು ಸಾಕುವುದು ಹೆಂಡತಿಯ ದುಡಿಮೆ, ಅಣ್ಣತಮ್ಮಂದಿರ ಕೈಗಡ, ಕಿರಾಣಿ ಅಂಗಡಿಯ ಉದ್ರಿ. ಪುನಶ್ಚೇತನದ ಯೋಜನೆ ಯಾವತ್ತಾದರೂ ಸಿದ್ಧವಾದರೆ ಅದರಲ್ಲಿ ಎಷ್ಟು ಸಾವಿರ ಕೋಟಿ, ಎಷ್ಟು ಲಕ್ಷ ಟನ್ ಎಂಬ ಅಂಕಿಗಳು ಇದ್ದೇ ಇರುತ್ತವೆ. ಇಪ್ಪತ್ತು ವರ್ಷ ಕುಲುಮೆಯ ಮುಂದೆ ನಿಂತು ಕಾಯಂ ಆಗದೇ ಹೋದವರಲ್ಲಿ ಎಷ್ಟು ಜನರನ್ನು, ಯಾವ ಕೆಲಸಕ್ಕೆ, ಯಾವ ಸಂಬಳಕ್ಕೆ ಮರಳಿ ಕರೆಯುತ್ತಾರೆ ಎಂಬುದೂ ಅದೇ ಕಾಗದದಲ್ಲಿ ಬರೆದಿರಬೇಕು. ಧರಣಿ ಕೂತವರ ಬೇಡಿಕೆ ಅಷ್ಟೇ ಆಗಿತ್ತು.